ಎಲ್ಲಕ್ಕೂ ಮಹಾನವಮಿಯ ತಾರೀಖು

ಶಹಾಪುರ, ಬೆಳಗಾವಿ
೧೨ ಡಿಸೆಂಬರ್ ೧೯೮೭, ಶನಿವಾರ

ಪ್ರೀತಿಯ ತಮ್ಮ ನಾಗಲಿಂಗನಿಗೆ ಅಣ್ಣ ಬಸಲಿಂಗಪ್ಪನ ಆಶೀರ್ವಾದಗಳು.

ಮೈ ಹೇಗಿದೆ? ಕಣ್ಣಿನ ಹಳದಿ ಇಳಿಯಿತೋ ಇಲ್ಲವೋ? ಕಾಮಾಲೆ ಒಮ್ಮೆ ಹಿಡಿದರೆ ನೆಂಟರ ಹಾಗೆ, ಹೊರಟೆ ಹೊರಟೆ ಅನ್ನುತ್ತಲೇ ಮತ್ತೆ ಎರಡು ದಿನ ಕೂತುಬಿಡುತ್ತದೆ. ಸಂಗವ್ವಕ್ಕ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಕುಡಿಯಲು ಕೊಡುವ ಸೊಪ್ಪಿನ ರಸವನ್ನು ಬಚ್ಚಲಿಗೆ ಚೆಲ್ಲಬೇಡ, ನೀನು ಚೆಲ್ಲುವವನೇ ಎಂದು ನನಗೆ ಗೊತ್ತು. ಎಣ್ಣೆ, ಖಾರ ಬಿಟ್ಟು ಮಜ್ಜಿಗೆ ಅನ್ನದ ಮೇಲೇ ಇನ್ನೊಂದು ವಾರ ಇರು. ಬಾಯಿ ಕೆಟ್ಟಿದೆ ಎಂದು ಮಾವನವರ ಹಂಚಿನ ಭಟ್ಟಿಯ ಆಳುಗಳ ಬುತ್ತಿಯಿಂದ ಮೆಣಸಿನಕಾಯಿ ಚಟ್ನಿ ಈಸಿಕೊಂಡು ತಿಂದೀ, ಜೋಕೆ. ನಿನ್ನ ವೈನಿ ಖಾನಾಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಬ್ಬು ಕೊಟ್ಟು ಕಳಿಸಿದ್ದಾಳೆ. ದಾರಿಯಲ್ಲಿ ಅವನೇ ಜಗಿದು ಉಗಿದಿರದಿದ್ದರೆ ಮುಟ್ಟಿರಬೇಕು. ಅವ್ವನ ಮೊಣಕಾಲು ನೋವು ಹೇಗಿದೆ, ಬರೆ. ನಾವೆಲ್ಲ ಇಲ್ಲಿ ಸುಖವಾಗಿದ್ದೇವೆ. ಸುಖ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದೆ. ಖರೇ ಹೇಳಬೇಕೆಂದರೆ ಮೂರು ದಿನದಿಂದ ನನಗೆ ಉಂಡದ್ದು ಒಗ್ಗುತ್ತಿಲ್ಲ. ಕಾಮಾಲೆ ನಿನಗೆ, ಓಕರಿಕೆ ನನಗೆ.

ಸುದ್ದಿ ಇಷ್ಟು. ಬರುವ ಗುರುವಾರ ನಮ್ಮ ನೇಕಾರರ ಸಂಘದ ಕಮಿಟಿ ಕೂಡುತ್ತದೆ. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಒತ್ತುತ್ತಾಳಲ್ಲ, ನಿನ್ನ ಕೈಕೆಳಗಿನ ಶಮಶಾದ, ಆ ಹುಡುಗಿಯನ್ನು ಕೆಲಸದಿಂದ ತೆಗೆಯುವುದೊಂದೇ ಅವತ್ತಿನ ವಿಷಯ. ನೀನು ಬರೆದ ನೂಲು ಹಂಚುವ ಪ್ರೋಗ್ರಾಂ ಆಕೆಯಿಂದ ಹಾಳಾಯಿತು, ಮಗ್ಗಗಳು ನಿಂತವು, ಇದು ಆಕೆಯ ಮೇಲಿನ ಆರೋಪ. ಇದರಲ್ಲಿ ಅರ್ಧ ನಿನಗೆ ಗೊತ್ತಿದೆ. ಇನ್ನರ್ಧ ಗೊತ್ತಿರಲಿಕ್ಕಿಲ್ಲ. ಅಪ್ಪ ಕಥೆ ಹೇಳುವಾಗ ಹೇಗೆ ಬೇರಿನಿಂದ ಹಿಡಿದು ತುದಿಯವರೆಗೆ ಬರುತ್ತಿದ್ದನೋ, ಹಾಗೆ ಹೇಳುತ್ತೇನೆ. ನಡುವೆ ಹೂಂಗುಡುವವರು ಬೇಕಿಲ್ಲ, ಕೇಳಿಸಿಕೊಂಡರೆ ಸಾಕು.

ನೀನು ರಜೆ ಹಾಕಿ ಖಾನಾಪುರದ ಅಕ್ಕನ ಮನೆಗೆ ಹೋದ ಕೆಲವೇ ದಿನಕ್ಕೆ ಆ ಯಂತ್ರ ಜಾಗವಿಲ್ಲ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು. ಹೊಟ್ಟೆ ತುಂಬಿದ ಎತ್ತಿನ ಹಾಗೆ ಏನು ಹಾಕಿದರೂ ಮೂಸಿ ಬಿಟ್ಟಿತು. ನಮ್ಮ ಚೇರಮನ್ನರು ಗುರುಪುತ್ರಪ್ಪನವರು ಯಾರನ್ನಾದರೂ ಕೇಳಬಹುದಿತ್ತು, ನಿನಗೊಂದು ಕಾರ್ಡು ಬರೆಸಬಹುದಿತ್ತು. ಅದು ಬಿಟ್ಟು ತಮ್ಮ ಅಕ್ಕನ ಮಗ ಸಿದರಾಯನನ್ನು ಕರೆತಂದರು. ಆರು ತಿಂಗಳ ಕ್ಲಾಸು ಮುಗಿಸಿ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಕೂತಿದ್ದ ಪ್ರಾಣಿ ಅದು. ಬಳಕೆಯಲ್ಲಿಲ್ಲದ ಫೈಲು ಯಾವುವು ನೋಡಿ, ಅವನ್ನು ಅಳಿಸಿ, ಜಾಗ ಮಾಡಬೇಕು. ಕೆಲಸ ಇಷ್ಟೇ. ನನ್ನನ್ನೂ ನೂಲಿನ ಗೋದಾಮಿನಿಂದ ಕರೆಸಿ, “ಏ ಬಸಲಿಂಗಪ್ಪಾ, ನೀ ನಾಗಲಿಂಗನ ಅಣ್ಣ ಅದೀ, ಬಾಜೂ ಕುಂದ್ರು. ಏನ ಹೊರಗ ಹಾಕಿದ್ರೂ ನಿನ್ನ ಕಣ್ಣಮುಂದ ಹಾಕೂಣು,” ಎಂದರು. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಚಪ್ಪಲಿ ಬಿಟ್ಟರೆ ಯಂತ್ರಕ್ಕೆ ಧೂಳು ತಾಗುವುದಿಲ್ಲ ಎಂದು ನೀನೇ ನಿಯಮ ಮಾಡಿದ್ದೆ. ಆದರೆ ಕಿಟಕಿ ಮುಚ್ಚಿದ ತಂಪು ಕೋಣೆಯಲ್ಲಿ ನಾಲ್ಕು ಜನರ ಕಾಲುಚೀಲದ ನಾತ, ಮೂಲೆಯ ಕಾಗದದ ಗಂಟಿನಲ್ಲಿ ಇಲಿ ಹೆತ್ತ ನಾತ, ಅದರ ಮೇಲೆ ಸಿದರಾಯ ಹೊಡೆದುಕೊಂಡು ಬಂದ ಅತ್ತರು. ದೇವರ ಕೋಣೆಯ ಮಡಿ, ದನದ ಕೊಟ್ಟಿಗೆಯ ಗಾಳಿ.

ಅವನು ಫೈಲುಗಳ ಹೆಸರನ್ನೆಲ್ಲ ಪರದೆಯ ಮೇಲೆ ಹರಿಯಲು ಬಿಟ್ಟ. ನಾಗಲಿಂಗಾ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಸಾಲಿ ನಾನೂ ಕಲಿತಿದ್ದೇನೆ. ಪಗಾರ. ಪಗಾರ ಹೊಸದು. ಪಗಾರ ಹೊಸದು ಎರಡು. ಪಗಾರ ಪಕ್ಕಾ. ಪಗಾರ ಖರೇ ಪಕ್ಕಾ. ಅದರ ಕೆಳಗೆ ನೂಲು, ನೂಲು ಹಳೇದು, ನೂಲು ಹಳೇದರ ಹಳೇದು. ನಡುವೆ ಗುರುಪುತ್ರಪ್ಪನವರ ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿ. ಆ ಮಗಳಿಗೆ ಈಗ ಎರಡು ಮಕ್ಕಳು. ಇಟಗಿಯ ನಮ್ಮ ಮನೆಯ ಅಟ್ಟ ನೆನಪಿದೆಯಲ್ಲ? ತೂತುಬಿದ್ದ ಚರಿಗೆ, ಕಾವಿಲ್ಲದ ಕೊಡಲಿ, ಸತ್ತ ಎಮ್ಮೆಯ ಕಣ್ಣಿ, ಎಲ್ಲ ಇರಲಿ ಇರಲಿ ಎಂದು ಮೇಲೆ ಒಗೆದು ಒಗೆದು ಒಂದು ದಿನ ಜಂತಿಯೇ ಬಾಗಿತ್ತು. ಆ ಅಟ್ಟವನ್ನೇ ನೀನು ಹೊತ್ತು ತಂದು ಈ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದೀಯ. ಹಳಸಿದ ಮಜ್ಜಿಗೆಯನ್ನು ಚೆಲ್ಲದೆ ಪಕ್ಕದಲ್ಲಿ ಹೊಸ ಗಡಿಗೆ, ಅದರ ಪಕ್ಕ ಮತ್ತೊಂದು ಗಡಿಗೆ ಇಡುತ್ತ ಹೋದರೆ ಅಡುಗೆಮನೆ ಏನಾದೀತು? ನೀನು ಅಷ್ಟು ಓದಿದವನು, ಕೈ ಇಷ್ಟು ಹೊಲಸು ಎಂದು ನನಗೆ ಅವತ್ತೇ ತಿಳಿದದ್ದು.

ಯಾವುದು ಬಳಕೆಯಲ್ಲಿದೆ, ಯಾವುದು ಇಲ್ಲ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಸಿದರಾಯ ನಕ್ಕ. “ಕಾಕಾ, ಪ್ರತಿ ಫೈಲಿನ ಬಾಜೂಕ ತಾರೀಖು ಐತಿ ನೋಡ್ರಿ. ಹಳೇ ತಾರೀಖು ಇದ್ದಂದ್ರ ಯಾರೂ ಮುಟ್ಟಿಲ್ಲ ಅಂತ ಲೆಕ್ಕ. ಮುಟ್ಟಲಾರದ್ದು ಸತ್ತಂಗ.” ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸಿದ. ಆಗ ಒಂದು ಚೋದ್ಯ ಕಂಡಿತು. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮಿಗೂ ಒಂದೇ ತಾರೀಖು, ಈ ವರ್ಷದ ಮಹಾನವಮಿಯ ದಿನ. ಹಳೆಯ ತಾರೀಖು ಇದ್ದದ್ದು ಒಂದೇ ಒಂದಕ್ಕೆ. ಎರಡು ವರ್ಷದ ಹಿಂದಿನದು. ಅದರ ಹೆಸರು ಬರೀ ನೂಲು, ಮುಂದೆ ಹಿಂದೆ ಏನೂ ಇಲ್ಲ. “ಇದೊಂದನ್ನ ಎರಡು ವರ್ಷದಿಂದ ಯಾರೂ ಕಣ್ಣೆತ್ತಿ ನೋಡಿಲ್ಲ,” ಎಂದು ಹೇಳಿ ಬೆರಳು ಒತ್ತಿದ. ಹೋಯಿತು. ಒಂದನ್ನೇ ಅಳಿಸಿದರೆ ಜಾಗ ಸಾಲದಲ್ಲ, ಮದುವೆಯ ಪಟ್ಟಿಯಂಥ ಇನ್ನಷ್ಟು ಕಾಗದಪತ್ರ ಅಳಿಸಿದ. ಸಿಕ್ಕ ಜಾಗದಲ್ಲಿ ತನ್ನ ಜೇಬಿನಿಂದ ಫ್ಲಾಪಿ ತೆಗೆದು ಒಂದು ಆಟ ತುಂಬಿದ. ಅದರಲ್ಲಿ ಒಂದು ಬಾಯಿ ತೆರೆದುಕೊಂಡು ಓಡಾಡುತ್ತ ಚುಕ್ಕೆಗಳನ್ನು ನುಂಗುತ್ತದೆ. ಗುರುಪುತ್ರಪ್ಪನವರು ನಿಂತು ನೋಡಿ “ಭಾಳ ಹುಷಾರ ಹುಡುಗ” ಎಂದು ಬೆನ್ನು ತಟ್ಟಿದರು.

ಸೋಮವಾರ ಬೆಳಿಗ್ಗೆ ಗೋದಾಮಿನ ಬಾಗಿಲಿಗೆ ನೇಕಾರರು ಬಂದರು. ಯಾವ ಮಗ್ಗಕ್ಕೆ ಎಷ್ಟು ನೂಲು, ಯಾವ ಬಣ್ಣ ಎಂದು ಕಂಪ್ಯೂಟರು ಚೀಟಿ ಅಚ್ಚು ಹಾಕಿ ಕೊಡಬೇಕು, ಅದನ್ನು ನೋಡಿ ನಾನು ತೂಗಿ ಕೊಡಬೇಕು. ಚೀಟಿ ಬರಲಿಲ್ಲ. ಚೀಟಿ ಕೊಡುತ್ತಿದ್ದದ್ದೇ ಆ ನೂಲು ಎಂಬ ಪ್ರೋಗ್ರಾಂ. ದಿನಾ ಮುಂಜಾನೆ ನಡೆಯುತ್ತಿತ್ತು, ಎಂದೂ ತಪ್ಪಿರಲಿಲ್ಲ, ಆದ್ದರಿಂದ ಅದನ್ನು ತಿದ್ದಬೇಕಾದ ಪ್ರಸಂಗವೇ ಬಂದಿರಲಿಲ್ಲ, ಅದಕ್ಕೇ ತಾರೀಖು ಹಳೆಯದಾಗಿ ಉಳಿದಿತ್ತು. ದಿನಾ ದುಡಿಯುವ ಸೊಸೆಯನ್ನು, ಯಾರೂ ಮಾತಾಡಿಸುವುದಿಲ್ಲ ಎಂಬ ಕಾರಣಕ್ಕೆ, ಸತ್ತಿದ್ದಾಳೆ ಎಂದು ಹೊತ್ತು ಹಾಕಿದ ಹಾಗಾಯಿತು. ಕೈಯಿಂದ ಬರೆದುಕೊಂಡು ನೂಲು ಕೊಡುತ್ತೇನೆ ಎಂದೆ. ಗುರುಪುತ್ರಪ್ಪನವರು, “ಅಚ್ಚಾದ ಚೀಟಿ ಇಲ್ಲದ ಒಂದು ಎಳಿ ಹೊರಗ ಹೋಗಂಗಿಲ್ಲ,” ಎಂದು ಕೀಲಿ ತಮ್ಮ ಕಿಸೆಗೆ ಹಾಕಿಕೊಂಡರು. ಮೊದಲ ದಿನ ನೇಕಾರರು ಬೈದರು. ಎರಡನೆಯ ದಿನ ಖಾಲಿ ಚೀಲ ಹಾಸಿಕೊಂಡು ಕಟ್ಟೆಯ ಮೇಲೆ ಕೂತರು. ಶಹಾಪುರದ ಓಣಿಯಲ್ಲಿ ಹಗಲು ಹೊತ್ತಿನಲ್ಲಿ ಮಗ್ಗದ ಸದ್ದಿಲ್ಲದೆ ಕಾಗೆಯ ಕೂಗು ಕೇಳಿಸಿದರೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಕಡೆಗೆ ಯಂತ್ರ ಮಾರಿದ ಕಂಪನಿಯವರಿಗೆ ಟ್ರಂಕ್ ಕಾಲ್ ಮಾಡಿ ಅವರ ಇಂಜಿನಿಯರನನ್ನು ಕರೆಸಿದರು. ಇಸಾಕ ಎಂದು ಅವನ ಹೆಸರು, ಮನೆ ಇಲ್ಲೇ ಕ್ಯಾಂಪಿನಲ್ಲಿ. ಮಾತು ಕಡಿಮೆ, ಚಹಾ ಜಾಸ್ತಿ. ಅಳಿಸಿದ ಫೈಲನ್ನು ಮರಳಿ ಎಬ್ಬಿಸಬಹುದಿತ್ತಂತೆ, ಆದರೆ ಅದಿದ್ದ ಜಾಗದ ಮೇಲೇ ಆ ನುಂಗುಬಾಯಿಯ ಆಟ ಕೂತಿತ್ತು. ನೀನು ಕೂಡಿಟ್ಟ ನೂಲು ಹಳೇದು, ಹಳೇದರ ಹಳೇದು ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿದ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಹೇಳುವುದೇ ಆಗಲಿಲ್ಲ, ಎಲ್ಲಕ್ಕೂ ಮಹಾನವಮಿಯ ತಾರೀಖು. ಎಲ್ಲದರ ನೆತ್ತಿಯ ಮೇಲೂ ಯಂತ್ರ ಓದದೆ ಬಿಟ್ಟುಬಿಡುವಂಥ ಒಂದು ಸಾಲು, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ. ಇಸಾಕ ಕನ್ನಡಕ ಮೇಲೇರಿಸಿ ಕೇಳಿದ: “ಇದನ್ಯಾರು ಹಾಕಿದ್ರಿ? ಫೈಲು ತೆರೆದು ಒಂದು ಅಕ್ಷರ ಸೇರಿಸಿ ಮುಚ್ಚಿದ್ರೂ ಸಾಕು, ಅವತ್ತಿನ ತಾರೀಖು ಬಂದು ಕುಂದ್ರತೈತಿ. ಬರೆದದ್ದು ಯಾವಾಗ ಅಂತ ತಾರೀಖು ಹೇಳತೈತಿ, ಬಳಸಿದ್ದು ಯಾವಾಗ ಅಂತ ಹೇಳಂಗಿಲ್ರಿ.” ಈ ಮಾತು ಕೇಳಿ ಸಿದರಾಯ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ನಿಂತ.

ಇಸಾಕ ಆಮೇಲೆ ಮಾಡಿದ ಕೆಲಸ ನೋಡಿ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು. ಅವನು ತಾರೀಖಿನ ಗೊಡವೆಗೇ ಹೋಗಲಿಲ್ಲ. ಯಂತ್ರ ಹಚ್ಚಿದ ಕೂಡಲೇ ಪರದೆಯ ಮೇಲೆ ಬರುವ ಮೊದಲ ಪುಟದಿಂದ ಶುರು ಮಾಡಿದ. ಅದು ಯಾವ ಪ್ರೋಗ್ರಾಮನ್ನು ಕರೆಯುತ್ತದೆ, ಆ ಪ್ರೋಗ್ರಾಂ ಮತ್ತೆ ಯಾವುದನ್ನು ಕರೆಯುತ್ತದೆ ಎಂದು ದಾರಿ ಹಿಡಿದು ಹೋದ. ನಮ್ಮೂರಲ್ಲಿ ಸಂಜೆ ದನ ಬಂದಾಗ ಹೇಗೆ? ಊರಬಾಗಿಲಿನ ಅಗಸಿ ದಾಟಿದ ಮೇಲೆ ಒಂದೊಂದು ಆಕಳು ತನ್ನ ತನ್ನ ಮನೆಯ ಓಣಿ ಹಿಡಿಯುತ್ತದೆ. ಎಲ್ಲ ಹೋದ ಮೇಲೂ ಯಾವ ಮನೆಯವರೂ ಕರೆಯದೆ ಅಗಸಿಯ ಮುಂದೆ ನಿಂತೇ ಇದ್ದದ್ದು ಬೀಡಾಡಿ ದನ. ಅದನ್ನೂ ಯಾರೂ ಕೂಡಲೇ ಕಡಿಯುವುದಿಲ್ಲ, ಕೊಂಡವಾಡಕ್ಕೆ ಹೊಡೆಯುತ್ತಾರೆ, ನಾಲ್ಕು ದಿನ ಯಾರಾದರೂ ಕೇಳಿಕೊಂಡು ಬರುತ್ತಾರೋ ನೋಡುತ್ತಾರೆ. ಇಸಾಕನೂ ಹಾಗೇ ಮಾಡಿದ. ಯಾರೂ ಕರೆಯದ ಫೈಲುಗಳನ್ನೆಲ್ಲ ಫ್ಲಾಪಿಗಳಿಗೆ ಇಳಿಸಿ, ಯುಗಾದಿಯವರೆಗೆ ಇವು ಕಪಾಟಿನಲ್ಲಿರಲಿ, ಯಾರೂ ಕೇಳದಿದ್ದರೆ ಆಮೇಲೆ ಅಳಿಸಿ ಎಂದ. ನಿನ್ನ ಕಸದಲ್ಲಿ ಮುಕ್ಕಾಲು ಪಾಲು ಬೀಡಾಡಿ ದನವೇ. ನೂಲಿನ ಪ್ರೋಗ್ರಾಮಿಗೆ ಎರಡು ಹಳೆಯ ಪ್ರತಿ ಕೂಡಿಸಿ ತೇಪೆ ಹಚ್ಚಿದ. ನಿನ್ನೆಯಿಂದ ಚೀಟಿ ಬರುತ್ತಿದೆ, ಮಗ್ಗಗಳು ಸದ್ದು ಮಾಡುತ್ತಿವೆ. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ನಿನಗೆ ಈ ಪತ್ರ ಬರೆಯುತ್ತಿರಲಿಲ್ಲ. ಮುಂದಿನ ಬಸ್ಸು ಹತ್ತಿ ಬಂದು ಕಿವಿ ಹಿಂಡಿ ಹೋಗುತ್ತಿದ್ದೆ.

ಮಗ್ಗ ನಿಂತದ್ದಕ್ಕೆ ಯಾರಾದರೂ ಒಬ್ಬರು ಸಿಕ್ಕಬೇಕಲ್ಲ. ಅಳಿಸಿದವನು ಅಕ್ಕನ ಮಗ, ಅವನ ಹೆಸರು ತೆಗೆಯುವ ಹಾಗಿಲ್ಲ. ಆದ್ದರಿಂದ ತಾರೀಖು ಕೆಡಿಸಿದವರು ಯಾರು ಎಂದು ಹುಡುಕಾಟ ಶುರುವಾಯಿತು. ಶಮಶಾದ ತಾನೇ ಮುಂದೆ ಬಂದು, “ನಾನ ಬರದೇನ್ರಿ. ಮಹಾನವಮಿ ಖಂಡೆ ಪೂಜಿ ದಿನ ನಾಗಲಿಂಗಪ್ಪ ಸರ್ ಬರೀ ಅಂದ್ರು,” ಎಂದಳು. ಗುರುಪುತ್ರಪ್ಪನವರು ಕೂತಲ್ಲೇ ಎಲೆಯಡಿಕೆ ಉಗಿದು, “ನಮ್ಮ ಶ್ರೀಕಾರದ ಉಸಾಬರಿ ನಿನಗ್ಯಾಕವಾ?” ಎಂದರು. ಸುತ್ತಲಿದ್ದವರು ನಕ್ಕರು. ಶ್ರಾವಣದಲ್ಲಿ ಆಕೆ ತಂದ ಮಲ್ಲಿಗೆಯನ್ನು ಬಸವಣ್ಣನ ಫೋಟೋಕ್ಕೆ ಏರಿಸಿದವರೇ ನಕ್ಕರು. ಆಕೆಯ ಕಣ್ಣಲ್ಲಿ ನೀರು ಬರಲಿಲ್ಲ. ಗೋದಾಮಿನ ಹತ್ತಿರ ಬಂದು ನನ್ನ ಮುಂದೆ ಇಷ್ಟೇ ಅಂದಳು: “ಕಾಕಾ, ಬರದೆ, ಅದು ತಪ್ಪಾತು. ಅವತ್ತ ಬರೆಯಂಗಿಲ್ಲ ಅಂದಿದ್ರ ಅವತ್ತ ತೆಗೀತಿದ್ರು.” ಆಕೆಯ ತಂದೆ ಸರದಾರಸಾಬನನ್ನು ನೀನು ಬಲ್ಲೆ. ಬಣ್ಣದ ಕೊಪ್ಪರಿಗೆಯ ಮುಂದೆ ನಿಂತು ನಿಂತು ಕಣ್ಣು ಕಳೆದುಕೊಂಡು ಮನೆಯಲ್ಲಿ ಕೂತಿದ್ದಾನೆ. ಆ ಮನೆಯಲ್ಲಿ ದುಡಿಯುವ ಕೈ ಇದೊಂದೇ. ಇಲ್ಲಿಂದ ಹಾಳುಮಾಡಿದಳು ಎಂದು ಹೆಸರು ಹೊತ್ತು ಹೋದರೆ ಬೆಳಗಾವಿಯಲ್ಲಿ ಯಾರು ಆಕೆಯನ್ನು ಇಂಥ ಯಂತ್ರದ ಮುಂದೆ ಕೂಡಿಸುತ್ತಾರೆ?

ಅವತ್ತಿನ ಪೂಜೆಯ ಹೊತ್ತಿಗೆ ನಾನು ಗೋದಾಮಿನಲ್ಲಿ ತಕ್ಕಡಿಗೆ ವಿಭೂತಿ ಹಚ್ಚುತ್ತಿದ್ದೆ. ಕಂಪ್ಯೂಟರಿನ ಕೋಣೆಯಲ್ಲಿ ಏನಾಯಿತೆಂದು ಕಣ್ಣಾರೆ ಕಂಡವನಲ್ಲ, ಇದು ಕಮಿಟಿಗೂ ಗೊತ್ತು. ಅದಕ್ಕೇ ಆಕೆಯನ್ನು ಕೇಳಿದೆ, ಎಲ್ಲಕ್ಕೂ ಶ್ರೀ ಬರೆದವಳು ಆ ಒಂದನ್ನು ಏಕೆ ಬಿಟ್ಟೆ ಎಂದು. ಆಕೆ ಹೇಳಿದಳು: “ಸರ್‍ನ ಬ್ಯಾಡ ಅಂದ್ರು ಕಾಕಾ. ಒಳಗಿದ್ದ ಪ್ರೋಗ್ರಾಮೂ ನಮ್ಮ ಹತ್ಯಾರನ, ಒಂದೂ ಬಿಡಬ್ಯಾಡ ಅಂದಿದ್ರು. ನೂಲಿನದು ಬಂದ ಕೂಡ್ಲೆ, ಅದನ್ನ ಮುಟ್ಟಬ್ಯಾಡ, ಹಾಲ ಹಿಂಡೂ ಎಮ್ಮಿ ಮೈಮ್ಯಾಲ ಹೊಸಾ ಕೈ ಇಡಬಾರದು ಅಂದ್ರು.” ನಾಗಲಿಂಗಾ, ಶಹಾಪುರದ ಓಣಿಯಲ್ಲಿ ಹುಟ್ಟಿ ಬೆಳೆದ ಆ ಹುಡುಗಿ ಎಮ್ಮೆಯ ಹತ್ತಿರ ನಿಂತವಳಲ್ಲ. ಈ ಮಾತು ನಮ್ಮ ಅಪ್ಪನದು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಿನಗೂ ನನಗೂ ಅವನು ಹೇಳುತ್ತಿದ್ದದ್ದು, ಅಕ್ಷರಕ್ಕೆ ಅಕ್ಷರ. ನಮ್ಮ ಮನೆಯವನ ಬಾಯಿಂದಲ್ಲದೆ ಅದು ಆಕೆಯ ಕಿವಿಗೆ ಬೀಳಲು ಬೇರೆ ದಾರಿಯೇ ಇಲ್ಲ.

ಇದನ್ನು ಹೇಳಿದೆ ಗುರುಪುತ್ರಪ್ಪನವರಿಗೆ. “ಎಮ್ಮಿ ಸಾಕ್ಷಿ ತಗೊಂಡು ಕಮಿಟಿ ನಡಸೂಣೇನು?” ಎಂದು ನಕ್ಕರು. ಆದರೂ ಜೀಪು ತೆಗೆದುಕೊಂಡು ಮೊನ್ನೆ ಬುಧವಾರ ಖಾನಾಪುರಕ್ಕೆ ಬಂದರು. ಮೋಸಂಬಿ ತಂದಿದ್ದರಂತೆ. ಹಿತ್ತಲಲ್ಲಿ ನಿನ್ನೊಬ್ಬನನ್ನೇ ಕೂಡಿಸಿಕೊಂಡು ಕೇಳಿದರಂತೆ. ನಿನ್ನ ಉತ್ತರವನ್ನು ತಿರುಗಿ ಬಂದು ಎಲ್ಲರ ಎದುರು ನಿನ್ನ ದನಿಯಲ್ಲೇ ಆಡಿ ತೋರಿಸಿದರು: “ನನಗೇನೂ ಗೊತ್ತಿಲ್ರಿ ಸಾಹೇಬ್ರ. ಆಕಿ ತನ್ನ ತಿಳುವಳಿಕಿಲೆ ಮಾಡಿರಬೇಕು.” ಜನವರಿಯಲ್ಲಿ ನಿನ್ನನ್ನು ಕಾಯಂ ಮಾಡುತ್ತೇವೆ ಎಂಬ ಮಾತನ್ನೂ ಅಲ್ಲೇ ಆಡಿ ಬಂದಿದ್ದಾರೆ, ಅದನ್ನು ಜೀಪಿನ ಡ್ರೈವರ್ ಹೇಳಿದ.

ಸಿದರಾಯನ ಮೇಲೆ ನನಗೆ ಬಂದದ್ದು ಸಿಟ್ಟು. ಅದು ಬರುತ್ತದೆ, ಹೋಗುತ್ತದೆ. ಗುರುಪುತ್ರಪ್ಪನವರನ್ನು ಕಂಡರೆ ಹೇಸಿಗೆ, ಅದು ಹಳೆಯದು, ರೂಢಿಯಾಗಿದೆ. ಆದರೆ ನಿನ್ನ ಆ ಒಂದು ಮಾತು ಕೇಳಿದಾಗಿನಿಂದ ತುತ್ತು ಬಾಯಿಗಿಟ್ಟರೆ ಒಳಗಿಳಿಯುತ್ತಿಲ್ಲ. ಶ್ರೀ ಬರೆಸಿದ್ದು ತಪ್ಪೇನಲ್ಲೋ ಹುಚ್ಚಾ. ನೇಕಾರ ಲಾಳಿಗೆ ಕುಂಕುಮ ಹಚ್ಚುತ್ತಾನೆ, ನಾನು ತಕ್ಕಡಿಗೆ ಹಚ್ಚುತ್ತೇನೆ, ನೀನು ನಿನ್ನ ಹತ್ಯಾರಕ್ಕೆ ಹಚ್ಚಿದೆ. ತಾರೀಖು ಬದಲಾಗುತ್ತದೆಂದು ಆ ಹೊತ್ತಿಗೆ ಹೊಳೆಯಲಿಲ್ಲ ಎಂದರೆ ಯಾರು ನಿನ್ನನ್ನು ತಿನ್ನುತ್ತಿದ್ದರು? ನಕ್ಕು ಬಿಡುತ್ತಿದ್ದರು. ಅಷ್ಟು ಹೇಳಲಾರದೆ, ನಿನ್ನ ಮಾತು ಕೇಳಿ ಬೆರಳು ಆಡಿಸಿದವಳ ತಲೆಯ ಮೇಲೆ ಅದನ್ನು ಇಳಿಸಿದೆ. ಕಣ್ಣಿಗೆ ಹಿಡಿದ ಹಳದಿ ಮದ್ದಿಗೆ ಇಳಿಯುತ್ತದೆ. ಇದು ಯಾವ ಸೊಪ್ಪಿನ ರಸಕ್ಕೆ ಇಳಿಯಬೇಕು?

ನಾನು ಬೇಕಾದರೆ ಗುರುವಾರ ಎದ್ದು ನಿಂತು ಮಾತಾಡುತ್ತೇನೆ. ಮಾತಾಡಿದರೆ ಕಮಿಟಿಯವರು ನೀನು ಕಂಡೆಯಾ ಎನ್ನುತ್ತಾರೆ, ಇಲ್ಲ ಎಂದು ನಾನು ಕೂಡಬೇಕು. ಬರೆಸಿದವನ ಬಾಯಿಯೊಂದೇ ಆಕೆಯನ್ನು ಉಳಿಸಬಹುದು. ಆ ಬಾಯಿ ಖಾನಾಪುರದಲ್ಲಿ ಮಜ್ಜಿಗೆ ಅನ್ನ ಉಣ್ಣುತ್ತಿದೆ.

ಅವ್ವನಿಗೆ ನನ್ನ ಶರಣು ತಿಳಿಸು. ಮಾವನವರಿಗೆ, ಸಂಗವ್ವಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಹೊದ್ದು ಮಲಗು, ಅಲ್ಲಿಯ ಥಂಡಿ ನಮ್ಮ ಬೆಳಗಾವಿಗಿಂತ ಹಸಿ. ಎಷ್ಟು ಬೈದರೂ ನೀನು ನನ್ನ ಬೆನ್ನಿಗೆ ಹುಟ್ಟಿದವನು, ಬೇಗ ಗುಣವಾಗಲಿ ಎಂದೇ ನಿತ್ಯ ಬೇಡುತ್ತೇನೆ.

ನಿನ್ನ ಅಣ್ಣ,
ಬಸಲಿಂಗಪ್ಪ

ತಾ. ಕ.: ಟಪಾಲು ಎತ್ತುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಪಾಕೀಟಿನ ಮೇಲೆ ನಿನ್ನ ಹೆಸರು ಹಾಕಿಲ್ಲ, ಸಂಗವ್ವಕ್ಕನ ಹೆಸರು ಹಾಕಿದ್ದೇನೆ. ನಿನ್ನ ಕೈಗೆ ಕೊಟ್ಟಿದ್ದರೆ ನೀನು ಓದಿ ಹಾಸಿಗೆಯ ಕೆಳಗೆ ಇಡುತ್ತಿದ್ದೆ. ಅಕ್ಕ ಯಾರ ಪತ್ರ ಬಂದರೂ ಪಡಸಾಲೆಯಲ್ಲಿ ಕೂತು ದೊಡ್ಡ ದನಿಯಲ್ಲಿ ಓದುತ್ತಾಳೆ, ಬಾಜೂ ಮನೆಯವರಿಗೆ ತಿಳಿಯಲಿಲ್ಲವೆಂದರೆ ನಿಲ್ಲಿಸಿ ಮರಾಠಿಯಲ್ಲಿ ಬಿಡಿಸಿ ಹೇಳುತ್ತಾಳೆ. ಹಾಗಾದರೆ ಈ ಸಾಲಿಗೆ ಬರುವ ಹೊತ್ತಿಗೆ ಅವ್ವ, ಮಾವ, ಭಟ್ಟಿಯ ಆಳುಗಳು ಎಲ್ಲರೂ ಕೇಳಿ ಆಗಿರಬೇಕು. ಗುರುವಾರ ಮುಂಜಾನೆ ಖಾನಾಪುರದಿಂದ ಬರುವ ಮೊದಲ ಬಸ್ಸಿಗೆ ನಾನು ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಅಕ್ಕಾ, ಇಷ್ಟು ಓದಿದಿ, ಇನ್ನು ಪತ್ರ ಮಡಚಿ ಇಡು. ಇಟ್ಟು, ಅವನ ಮುಖ ನೋಡು.